ಎಂಬತ್ತೆರಡನೆಯ ದಿನ

ಫೋನ್ ಬಂದಾಗಲೆಲ್ಲ ಹನುಮೇಶ ಕುರ್ಚಿ ಬಿಟ್ಟೆದ್ದು ಮೆಟ್ಟಿಲ ಹತ್ತಿರ ಹೋಗಿ ಮಾತಾಡುವುದನ್ನು ಅರೀಬಾ ಮೊದಲು ಗಮನಿಸಿದ್ದು ಯುಗಾದಿಯ ಆಸುಪಾಸಿನಲ್ಲಿ. ಅದಕ್ಕೂ ಮುಂಚೆ ಅವನು ಹಾಗೆ ಎದ್ದು ಹೋಗುತ್ತಿದ್ದನೋ ಇಲ್ಲವೋ ಅವಳಿಗೆ ನೆನಪಿಲ್ಲ. ಒಮ್ಮೆ ಅನುಮಾನ ಹೊಕ್ಕ ಮೇಲೆ ಅವನು ಸ್ಕ್ರೀನನ್ನು ತುಸು ಓರೆಯಾಗಿ ತಿರುಗಿಸಿಕೊಂಡದ್ದು, ಕಂತಿನ ಮೇಲೆ ಹೊಸ ಬೈಕ್ ತಂದದ್ದು, ಊಟದ ಡಬ್ಬಿ ಬಿಚ್ಚುವಾಗ ಒಬ್ಬನೇ ನಕ್ಕದ್ದು, ಎಲ್ಲವೂ ಅವಳ ಕಣ್ಣಿಗೆ ಚುಚ್ಚತೊಡಗಿದವು.

ರಾಯಚೂರಿನ ಸ್ಟೇಷನ್ ರಸ್ತೆಯಲ್ಲಿ, ಒಂದು ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಕನ್ಸಲ್ಟೆನ್ಸಿ. ಕೆಲಸ ಬೇಕೆನ್ನುವವರನ್ನು ಹುಡುಕಿ ಕಂಪನಿಗಳಿಗೆ ಸೇರಿಸುವುದು, ಸೇರಿಸಿದ್ದಕ್ಕೆ ಕಂಪನಿಯಿಂದ ಹಣ ಪಡೆಯುವುದು. ಮಾಲೀಕ ಕೊಟ್ರೇಶ ಗಾಜಿನ ಕೋಣೆಯೊಳಗೆ ಕೂತರೆ, ಅರೀಬಾ ಮತ್ತು ಹನುಮೇಶ ಹೊರಗೆ ಒಂದೇ ಉದ್ದನೆಯ ಮೇಜಿಗೆ ಅಕ್ಕಪಕ್ಕ ಕೂರುತ್ತಿದ್ದರು. ದಿನಕ್ಕೆ ಎಪ್ಪತ್ತು ಕರೆ ಮಾಡಬೇಕು. ಮಾಡಿದ ಪ್ರತಿ ಕರೆಯೂ ಆಫೀಸಿನ ಸಿಮ್ಮಿನಲ್ಲಿ ದಾಖಲಾಗುತ್ತಿತ್ತು. ಕಾಲುಗಂಟೆ ತಡವಾದರೆ ಅರ್ಧ ದಿನದ ಸಂಬಳ ಹೋದಂತೆಯೇ. ಮಾನ್ವಿಯಿಂದ ಏಳೂಕಾಲಿನ ಬಸ್ಸಿಗೆ ಆಧಾರ್ ಕಾರ್ಡ್ ತೋರಿಸಿ, ಪುಕ್ಕಟೆ ಟಿಕೆಟ್ ಪಡೆದು ಬರುವ ಅರೀಬಾಳಿಗೆ ಹಾದಿಯ ಕಲ್ಮಲಾ ದಾಟುವ ತನಕ ಜೀವ ಕೈಯಲ್ಲಿ ಹಿಡಿದಂತಿರುತ್ತಿತ್ತು.

ಸಂಬಳ ಹತ್ತು ಸಾವಿರ. ಆ ಹತ್ತು ಸಾವಿರಕ್ಕಾಗಿ ಯಾರೂ ಆ ಮೇಜಿಗೆ ಅಂಟಿಕೊಂಡಿರಲಿಲ್ಲ. ಆಸೆ ಇದ್ದದ್ದು ಇನ್ಸೆಂಟಿವ್ ಮೇಲೆ. ಒಬ್ಬ ಹುಡುಗನನ್ನು ಕಂಪನಿಗೆ ಸೇರಿಸಿ, ಅವನು ಅಲ್ಲಿ ತೊಂಬತ್ತು ದಿನ ನಿಂತರೆ ಸಾವಿರದ ಐದುನೂರು. ಎಂಬತ್ತೊಂಬತ್ತನೆಯ ದಿನ ಬಿಟ್ಟರೂ ಏನೂ ಇಲ್ಲ. ಅರೀಬಾ ಒಳ್ಳೆಯ ಮಾತುಗಾರ್ತಿ. ಅಪ್ಪ ಲಾಲ್ ಸಾಬ್‌ನ ಚಪ್ಪಲಿ ಅಂಗಡಿಯಲ್ಲಿ ಚಿಕ್ಕಂದಿನಿಂದ ಗಿರಾಕಿಗಳ ಜೊತೆ ಮಾತಾಡಿ ಬೆಳೆದವಳು. ಮನೆಯಲ್ಲಿ ದಖ್ಖನಿ, ಅಂಗಡಿಯಲ್ಲಿ ಕನ್ನಡ, ಗಡಿಯ ಕಡೆಯವರು ಬಂದರೆ ನಾಲ್ಕು ಮಾತು ತೆಲುಗು. ಕೈಯಲ್ಲಿ ಕೆಲಸದ ಪಟ್ಟಿ ಇದ್ದರೆ ದೇವದುರ್ಗದ ಹಳ್ಳಿಗಳ ಹುಡುಗರನ್ನು ಒಪ್ಪಿಸುವುದು ಅವಳಿಗೆ ಕಷ್ಟವಾಗಲಿಲ್ಲ. ಆದರೆ ಹೊಸೂರಿನ ಹತ್ತಿರದ ಒಂದು ಬಿಡಿಭಾಗಗಳ ಫ್ಯಾಕ್ಟರಿಗೆ ಅವಳು ಕಳಿಸಿದ ಹುಡುಗರೆಲ್ಲ, ಯಾರೋ ಕಿವಿಯಲ್ಲಿ ಊದಿದಂತೆ, ಎಂಬತ್ತರಿಂದ ತೊಂಬತ್ತು ದಿನಗಳ ನಡುವೆ ಕೆಲಸ ಬಿಡುತ್ತಿದ್ದರು. ನಾಲ್ಕು ತಿಂಗಳಲ್ಲಿ ಒಂಬತ್ತು ಮಂದಿ. ಕೊಟ್ರೇಶ ತಾನೇ ತುಂಬಿಸುವ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಕೆಂಪಕ್ಷರದಲ್ಲಿ "ಬಿಟ್ಟಿದ್ದಾರೆ" ಎಂದು ಬರುತ್ತಿತ್ತು.

ಬಿಟ್ಟವರನ್ನು ಕೇಳೋಣವೆಂದರೆ ಅದಕ್ಕೂ ದಾರಿಯಿರಲಿಲ್ಲ. ಸೇರಿದ ಹುಡುಗರ ಜೊತೆ ಮಾತಾಡಬಾರದೆಂಬುದು ಆಫೀಸಿನ ನಿಯಮ. ಅವರ ನಂಬರುಗಳನ್ನು ಕೊಟ್ರೇಶ ಆಫೀಸಿನ ಫೋನಿನಿಂದ ಅಳಿಸಿಹಾಕುತ್ತಿದ್ದ. ಅವಳು ಗುಟ್ಟಾಗಿ ಬರೆದಿಟ್ಟುಕೊಂಡ ಎರಡು ನಂಬರುಗಳೂ ಸ್ವಿಚ್ ಆಫ್.

ಒಂದು ಸಂಜೆ ಕೊಟ್ರೇಶ ಅವಳನ್ನು ಒಳಗೆ ಕರೆದ. "ಕೂಡಮ್ಮಾ. ನಿನ್ನ ಹುಡುಗ್ರು ಯಾಕ ನಿಂದ್ರವಲ್ರು?"

"ಗೊತ್ತಾಗವಲ್ದು ಸರ್. ಕಳಿಸೋಮುಂದ ಎಲ್ಲಾ ಬಿಡಿಸಿ ಹೇಳಿ ಕಳಿಸಿರ್ತೀನಿ."

ಕೊಟ್ರೇಶ ಗಾಜಿನಾಚೆ ಹನುಮೇಶನತ್ತ ನೋಡಿದ. "ನಾ ಹೇಳಿದೆ ಅಂತ ಹೇಳಬ್ಯಾಡ. ಒಂದೀಟು ಅವನ ಮ್ಯಾಲ ಕಣ್ಣಿಡು. ಮಂದಿ ಸೇರಿಸಿದ ಹುಡುಗ್ರನ್ನ ಬಿಡಿಸಿ, ತನ್ನ ಹೆಸರಿನ್ಯಾಗ ಬ್ಯಾರೆ ಕಡಿ ಸೇರಸೋರು ಈ ಧಂದೆದಾಗ ಭಾಳ ಮಂದಿ ಅದಾರ."

ಅವಳು ಮೊದಲೇ ಎಣಿಸಿದ್ದನ್ನು ಅವನು ಬಾಯಿಬಿಟ್ಟು ಹೇಳಿದಂತಾಯಿತು. ಮೂರು ದಿನಗಳ ನಂತರ ಹನುಮೇಶ ನೀರು ತರಲು ಎದ್ದಾಗ ಮೇಜಿನ ಮೇಲಿದ್ದ ಅವನ ಫೋನು ಗುಂಯ್ಗುಟ್ಟಿತು. ಅವಳು ಕತ್ತು ಚಾಚಿ ನೋಡಿದಳು. "ಸಿದ್ರಾಮ ದೇವದುರ್ಗ." ಅವಳೇ ಹೊಸೂರಿಗೆ ಕಳಿಸಿದ ಹುಡುಗ. ಎಂಬತ್ತೆರಡನೆಯ ದಿನಕ್ಕೆ ಕೆಲಸ ಬಿಟ್ಟನೆಂದು ಹಿಂದಿನ ವಾರವಷ್ಟೇ ಪಟ್ಟಿಯಲ್ಲಿ ಕೆಂಪಾಗಿದ್ದವನು. ಇವನ ಫೋನಿಗೆ ಅವನಿಗೇನು ಕೆಲಸ?

ಅವತ್ತೇ ಅವಳು ಕೊಟ್ರೇಶನಿಗೆ ಹೇಳಿದಳು. ಮರುದಿನ ಮಧ್ಯಾಹ್ನ ಹನುಮೇಶ ಗಾಜಿನ ಕೋಣೆಯೊಳಗೆ ಹೋಗಿ ಹತ್ತು ನಿಮಿಷದಲ್ಲಿ ಹೊರಬಂದ. ಹೆಲ್ಮೆಟ್ಟು, ಡಬ್ಬಿ ಎತ್ತಿಕೊಂಡು, ಅವಳ ಕಡೆ ಮುಖ ಕೂಡ ತಿರುಗಿಸದೆ ಮೆಟ್ಟಿಲಿಳಿದು ಹೋದ. ಅರೀಬಾಳಿಗೆ ಸಮಾಧಾನವಾಯಿತು. ಅದು ಹೆಚ್ಚು ದಿನ ಉಳಿಯಲಿಲ್ಲ. ಮರುವಾರ ಪಟ್ಟಿಯಲ್ಲಿ ಇನ್ನಿಬ್ಬರು ಕೆಂಪಾದರು. ಒಬ್ಬನಿಗೆ ಎಂಬತ್ನಾಲ್ಕು ದಿನ, ಇನ್ನೊಬ್ಬನಿಗೆ ಎಂಬತ್ತೇಳು. ಹನುಮೇಶ ಹೊರಗೆ ಕೂತೇ ಸೇಡು ತೀರಿಸಿಕೊಳ್ಳುತ್ತಿದ್ದಾನೆ ಎಂದುಕೊಂಡಳು.

ಜೂನ್ ಮೊದಲ ವಾರ ದೇವದುರ್ಗದ ಒಂದು ಕಾಲೇಜಿನಲ್ಲಿ ಉದ್ಯೋಗ ಮೇಳ. ಅರೀಬಾ ಒಬ್ಬಳೇ ಹೋಗಿ ಬ್ಯಾನರ್ ಕಟ್ಟಿ ಕೂತಳು. ಹನ್ನೊಂದರ ಹೊತ್ತಿಗೆ ಹುಡುಗರ ಸಾಲನ್ನು ಸರಿಸಿಕೊಂಡು ನಡುವಯಸ್ಸಿನ ಹೆಂಗಸೊಬ್ಬಳು ಮೇಜಿನ ಮುಂದೆ ಬಂದು ನಿಂತಳು. ಕೈಯಲ್ಲಿ ಬಟ್ಟೆಯ ಚೀಲ.

"ಯವ್ವಾ, ನಾನು ದುರುಗಮ್ಮ, ಸಿದ್ರಾಮನ ತಾಯಿ. ಅವನ ಕಂಪನಿಗಿ ನೀವೇನರ ಹೊಂಟಿದ್ರ ಇದೊಂದೀಟು ರೊಟ್ಟಿ, ಶೇಂಗಾ ಹಿಂಡಿ ಮುಟ್ಟಸ್ರಿ."

ಅರೀಬಾ ಅವಳ ಮುಖ ನೋಡಿದಳು. ಇವಳನ್ನು ಹನುಮೇಶನೇ ಕಳಿಸಿರಬಹುದೇ ಎಂಬ ಯೋಚನೆ ಕೂಡ ಬಂದು ಹೋಯಿತು. "ನಿಮ್ಮ ಮಗ ಅಲ್ಲಿ ಕೆಲಸ ಬಿಟ್ಟಾನಲ್ಲಮ್ಮ. ತಿಂಗಳಾತು."

ದುರುಗಮ್ಮನ ಕೈಯಿಂದ ಚೀಲ ಜಾರಿ ಮೇಜಿನ ಮೇಲೆ ಬಿತ್ತು. "ಬಿಟ್ಟಾನ? ನಿನ್ನಿ ಮಾತಾಡ್ಯಾನಲ್ಲ ನನ್ನ ಕೂಡ! ಬಿಟ್ರ ಎಲ್ಲದಾನ ಮತ್ತ?"

ಅವಳು ಸೆರಗಿನ ಗಂಟಿನಿಂದ ಫೋನ್ ತೆಗೆದು ಕೊಟ್ಟಳು. ಅರೀಬಾ ವಿಡಿಯೋ ಕರೆ ಹಚ್ಚಿದಳು. ನಾಲ್ಕನೆಯ ಸಲಕ್ಕೆ ಸಿದ್ರಾಮ ಸಿಕ್ಕ. ಮೈಮೇಲೆ ಬೂದು ಬಣ್ಣದ ಯೂನಿಫಾರ್ಮ್, ಎದೆಯ ಮೇಲೆ ಅದೇ ಫ್ಯಾಕ್ಟರಿಯ ಗುರುತು. ಹಿಂದೆ ಕ್ಯಾಂಟೀನಿನ ತಟ್ಟೆಗಳ ಸದ್ದು.

"ಮೇಡಂ, ನೀವಾ! ನಿಮ್ಮ ನಂಬರ್ ಇರ್ಲಿಲ್ರಿ ನನ್ನತ್ರ. ನಮ್ಮೂರಾಗ ನೇಮಕಾತಿ ಕ್ಯಾಂಪಿನ್ಯಾಗ ಹಂಚಿದ ಚೀಟಿ ಮ್ಯಾಲ ಹನುಮೇಶ ಸರ್ ನಂಬರ್ ಇತ್ತು, ಅವರಿಗಿ ಹಚ್ಚಿದ್ದೆ. ಪಗಾರ ಕಡಿಮಿ ಬರಾಕತ್ಯಾದ್ರಿ, ಅದನ್ನ ಕೇಳಾಕ."

"ನೀ ಕೆಲಸ ಬಿಟ್ಟಿಲ್ಲೇನು?"

"ಯಾಕ ಬಿಡ್ಲಿರಿ? ಮೂರು ತಿಂಗಳು ಆಗೋಕಿಂತ ಮದಲ ಒಂದು ಫಾರ್ಮಿಗಿ ಸಹಿ ಹಾಕಿಸ್ಕೊಂಡ್ರು. ಆಮ್ಯಾಲ ಪಗಾರ ಚೀಟಿ ಬ್ಯಾರೆ ಹೆಸರಿಲೆ ಬರಾಕತ್ತು. ಕೆಲಸ ಅದೇ, ಮಷೀನ್ ಅದೇ. ನಾವು ರಾಯಚೂರು ಕಡಿಯವ್ರು ಏಳು ಮಂದಿ ಒಂದ ರೂಮಿನ್ಯಾಗ ಅದೀವಿ."

ಆ ಏಳು ಹೆಸರುಗಳನ್ನು ಅವನು ಒಂದೊಂದಾಗಿ ಹೇಳಿದ. ಏಳೂ ಪಟ್ಟಿಯಲ್ಲಿ ಕೆಂಪಾಗಿದ್ದ ಹೆಸರುಗಳೇ. ಪಗಾರ ಚೀಟಿಯ ಫೋಟೋ ಕಳಿಸೆಂದಳು. ಬಂತು. ಮೇಲೆ ಅವಳೆಂದೂ ಕೇಳಿರದ ಒಂದು ಗುತ್ತಿಗೆ ಸಂಸ್ಥೆಯ ಹೆಸರು. ಕೆಳಗೆ ಸಣ್ಣಕ್ಷರದಲ್ಲಿ ವಿಳಾಸ: ಸ್ಟೇಷನ್ ರಸ್ತೆ, ಔಷಧಿ ಅಂಗಡಿಯ ಮೇಲೆ. ಅದರ ಪಕ್ಕದ ಮೊಬೈಲ್ ನಂಬರು ಕೊಟ್ರೇಶನದು.

ಹುಡುಗರು ಎಲ್ಲಿಯೂ ಹೋಗಿರಲಿಲ್ಲ. ತೊಂಬತ್ತು ದಿನ ತುಂಬುವ ಮೊದಲು ಕಾಗದದ ಮೇಲೆ ಮಾತ್ರ ಅವರು "ಬಿಟ್ಟು", ಕೊಟ್ರೇಶನ ಇನ್ನೊಂದು ಸಂಸ್ಥೆಗೆ ಸೇರುತ್ತಿದ್ದರು. ಸೇರಿಸಿದವರಿಗೆ ಇನ್ಸೆಂಟಿವ್ ಕೊಡಬೇಕಾಗಿಲ್ಲ. ಮೇಲೆ ಹುಡುಗರ ಸಂಬಳದಲ್ಲೂ ತಿಂಗಳಿಗೆ ಸಾವಿರದಷ್ಟು ಅವನ ಪಾಲು. ದುರುಗಮ್ಮ ಅವಳ ತೋಳು ಹಿಡಿದು, "ಮಗ ಸುಖದಿಂದ ಅದಾನಲ್ಲ?" ಎಂದಳು. "ಅದಾನಮ್ಮ" ಎನ್ನುತ್ತ ಅರೀಬಾ ಚೀಲವನ್ನು ಅವಳ ಕೈಗೆ ಮರಳಿ ಕೊಟ್ಟಳು. ಹೆಲ್ಮೆಟ್ ಹಿಡಿದು ಮೆಟ್ಟಿಲಿಳಿದು ಹೋದವನ ಬೆನ್ನು ಕಣ್ಣ ಮುಂದೆ ಬಂದಿತ್ತು.

ಆ ಭಾನುವಾರ ಅವಳು ತಾಯಿ ಇಮಾಮ್ ಬೀಯನ್ನು ಜೊತೆಗೆ ಕರೆದುಕೊಂಡು ಹನುಮೇಶನ ಊರಾದ ಯಾಪಲದಿನ್ನಿಗೆ ಹೋದಳು. ಅವನು ಮನೆಯ ಮುಂದೆ ಬೈಕ್ ತೊಳೆಯುತ್ತಿದ್ದ. ಅವಳನ್ನು ನೋಡಿ ನೀರಿನ ಪೈಪು ಕೆಳಗಿಟ್ಟ. ಕೂಡ್ರಿ ಎನ್ನಲಿಲ್ಲ.

"ಯಾಕ ಬಂದೀರಿ? ಸರ್ ಕಳಿಸ್ಯಾರೇನು?"

"ಇಲ್ಲ ಹನುಮೇಶಣ್ಣ. ನಾ ತಪ್ಪು ತಿಳ್ಕೊಂಡಿದ್ದೆ. ಇದನ್ನೊಮ್ಮೆ ನೋಡ್ರಿ." ಅವಳು ಪಗಾರ ಚೀಟಿ ತೋರಿಸಿದಳು.

ಅವನು ಓದಿದ. ಮತ್ತೊಮ್ಮೆ ಓದಿದ. ಆದರೂ ಮುಖ ಸಡಿಲವಾಗಲಿಲ್ಲ. "ಸಿದ್ರಾಮ ನನಗ ಮದಲ ಸಲ ಫೋನ್ ಮಾಡಿದ ದಿನಾನ ನಾ ಸರ್‌ಗಿ ಕೇಳಿದ್ದೆ, ಪಗಾರ ಯಾಕ ಕಡಿಮಿ ಬಂದದ ಅಂತ. ಅವರು ಏನಂದ್ರು ಗೊತ್ತೇನು? ಆ ಹುಡುಗ್ರ ಕಡಿಂದ ಅರೀಬಾ ಕಮಿಷನ್ ತಿಂತಾಳ, ಆಕಿ ಮ್ಯಾಲ ಒಂದೀಟು ಕಣ್ಣಿಡು ಅಂದ್ರು."

"ನೀವು ನಂಬಿದ್ರಾ?"

"ನೀವು ನಂಬಲಿಲ್ಲೇನು?"

ಇಮಾಮ್ ಬೀ ಇಬ್ಬರ ಮುಖವನ್ನೂ ನೋಡಿ, ತಾನೇ ಹೋಗಿ ಕಟ್ಟೆಯ ಮೇಲೆ ಕೂತಳು. ಮೆಟ್ಟಿಲ ಹತ್ತಿರದ ಆ ಫೋನುಗಳು ಯಾರವೆಂದು ಅರೀಬಾ ಕೊನೆಗೂ ಕೇಳಿದಳು. ಬೈಕಿನ ಸಾಲ ಕೊಟ್ಟ ಫೈನಾನ್ಸಿನವರದಂತೆ. ಎರಡು ಕಂತು ಬಾಕಿ ಬಿದ್ದಿತ್ತು, ಮೇಜಿನ ಮುಂದೆ ಮಾತಾಡಲು ನಾಚಿಕೆ. ಅವನ ಹುಡುಗರಲ್ಲೂ ಐದು ಮಂದಿ ಹಾಗೆಯೇ ಕೆಂಪಾಗಿದ್ದರು. ದೂರು ಕೊಡಲು ಬುಧವಾರ ಬೆಳಿಗ್ಗೆ ಹತ್ತಕ್ಕೆ ಕಾರ್ಮಿಕ ಇಲಾಖೆಯ ಕಚೇರಿಯ ಮುಂದೆ ಸೇರುವುದೆಂದು ಮಾತಾಯಿತು. ಹೊರಡುವಾಗಲೂ ಅವನು, "ಬಂದ್ರ ಬರ್ರಿ" ಎಂದನೇ ಹೊರತು ಬರುತ್ತೇನೆ ಎನ್ನಲಿಲ್ಲ.

ಮಂಗಳವಾರ ಅರೀಬಾ ಕೊಟ್ರೇಶನ ಮುಂದೆ ಚೀಟಿಯ ಫೋಟೋ ಹಿಡಿದಳು. ಅವನು ಗಾಬರಿಯಾಗಲಿಲ್ಲ. "ಕಂಪನಿಯವ್ರಿಗೂ ಇದ ಬೇಕಾಗ್ಯದಮ್ಮ. ತಮ್ಮ ಪಗಾರ ಪಟ್ಟಿ ಮ್ಯಾಲ ಮಂದಿನ್ನ ಇಟ್ಕೊಳ್ಳಾಕ ಯಾರಿಗೂ ಮನಸಿಲ್ಲ. ನಾ ಒಬ್ಬನ ಮಾಡಾಕತ್ತಿಲ್ಲ ಇದನ್ನ. ನೀ ಶ್ಯಾಣೆ ಹುಡುಗಿ, ಬರೋ ತಿಂಗಳಿಂದ ಟೀಮ್ ಲೀಡರ್ ಆಗು. ಹದಿನೈದು ಸಾವಿರ ಮಾಡ್ತೀನಿ."

ಅವನು ಮುಂದಕ್ಕೆ ಬಾಗಿ ದನಿ ತಗ್ಗಿಸಿದ. "ಹನುಮೇಶನ ಕೂಡ ಮಾತಾಡಿದ್ರ ಹುಷಾರಿರು. ನಿನ್ನಿ ನನಗ ಫೋನ್ ಮಾಡಿದ್ದ. ವಾಪಸ್ ಕೆಲಸಕ್ಕ ತಗೋರಿ, ಎಲ್ಲಾ ಆಕಿ ಮ್ಯಾಲ ಹಾಕ್ತೀನಿ ಅಂದಾನ."

ಸುಳ್ಳೆಂದು ಅನ್ನಿಸಿತು. ನಿಜವಿದ್ದರೆ ಎಂದೂ ಅನ್ನಿಸಿತು. ರಾಜೀನಾಮೆ ಬರೆದಿಟ್ಟು ಹೊರಬಿದ್ದಳು. ಆದರೆ ಮಾನ್ವಿ ತಲುಪುವ ತನಕ ಹತ್ತು ಸಲ ಹನುಮೇಶನ ನಂಬರು ತೆಗೆದು, ಹತ್ತು ಸಲವೂ ಒತ್ತದೆ ಬಿಟ್ಟಳು.

ಬುಧವಾರ ಒಂಬತ್ತೂವರೆಗೇ ಹೋಗಿ, ಕಚೇರಿಯ ಎದುರಿನ ಚಹದಂಗಡಿಯಲ್ಲಿ ಕಂಬದ ಮರೆಗೆ ಕೂತಳು. ಹನುಮೇಶ ಕೊಟ್ರೇಶನ ಕಾರಿನಲ್ಲಿ ಬಂದಿಳಿದರೆ ಹಾಗೇ ಎದ್ದು ಹೋಗುವುದೆಂದು ನಿಶ್ಚಯಿಸಿದ್ದಳು. ಹತ್ತಾಯಿತು, ಹತ್ತೂಕಾಲಾಯಿತು. ಅವನು ಬರಲಿಲ್ಲ. ಕೊಟ್ರೇಶ ಹೇಳಿದ್ದೇ ನಿಜವೆಂದು ಎದ್ದು ನಿಂತಾಗ, ಪಕ್ಕದ ಝೆರಾಕ್ಸ್ ಅಂಗಡಿಯ ಬಾಗಿಲಲ್ಲಿ ಹೆಲ್ಮೆಟ್ ಹಾಕಿಕೊಂಡೇ ನಿಂತಿದ್ದವನೊಬ್ಬ ಕಣ್ಣಿಗೆ ಬಿದ್ದ.

"ಯಾವಾಗ ಬಂದ್ರಿ?" ಹತ್ತಿರ ಹೋಗಿ ಕೇಳಿದಳು.

ಹನುಮೇಶ ಹೆಲ್ಮೆಟ್ ತೆಗೆದ. "ಒಂಬತ್ತಕ್ಕ. ನೀವು ಸರ್ ಕೂಡ ಬರ್ತೀರೇನೋ ಅಂತ ನೋಡಾಕತ್ತಿದ್ದೆ. ಕೇಸಿನ್ಯಾಗ ನನ್ನ ಸಿಗಿಸ್ತೀನಿ ಅಂತ ನೀವು ಅವರಿಗಿ ಹೇಳೀರಂತ."

"ಯಾರು ಹೇಳಿದ್ರು?"

"ಸರ್ ಅವರ, ನಿನ್ನಿ ರಾತ್ರಿ ಫೋನಿನ್ಯಾಗ" ಎಂದು ಅವನು ಕಾಗದದ ಕಟ್ಟನ್ನು ಅವಳ ಕೈಗಿಟ್ಟ. ಹುಡುಗರಿಂದ ತರಿಸಿಕೊಂಡ ಹನ್ನೆರಡು ಪಗಾರ ಚೀಟಿಗಳ ಪ್ರತಿಗಳನ್ನು ಅವನು ಆಗಲೇ ಮಾಡಿಸಿಟ್ಟಿದ್ದ. ಇಬ್ಬರೂ ಒಟ್ಟಿಗೆ ಒಳಗೆ ಹೋದರು.

ವಿಚಾರಣೆ ಐದು ತಿಂಗಳು ಎಳೆಯಿತು. ಮೂರು ಸಲ ಕೊಟ್ರೇಶ ಬರಲೇ ಇಲ್ಲ, ನಾಲ್ಕನೆಯ ಸಲ ವಕೀಲರನ್ನು ಕರೆತಂದ. ಕೊನೆಗೆ ಇಬ್ಬರ ಇನ್ಸೆಂಟಿವ್ ಬಾಕಿಯನ್ನೂ ಹುಡುಗರ ಸಂಬಳದಿಂದ ಹಿಡಿದದ್ದನ್ನೂ ಕೊಟ್ಟು ಮುಗಿಸಿದ. ಅಷ್ಟರಲ್ಲಿ ಮೂವರು ಹುಡುಗರು ನಿಜವಾಗಿಯೇ ಕೆಲಸ ಬಿಟ್ಟು ಎಲ್ಲಿಗೋ ಹೋಗಿದ್ದರು, ಅವರ ಪಾಲು ಏನಾಯಿತೆಂದು ತಿಳಿಯಲಿಲ್ಲ. ಸಿದ್ರಾಮನಿಗೆ ಪೂರ್ತಿ ಪಗಾರ ಬರತೊಡಗಿತು. ಗುತ್ತಿಗೆ ಮಾತ್ರ ಹಾಗೆಯೇ ಉಳಿಯಿತು. ಸ್ಟೇಷನ್ ರಸ್ತೆಯ ಬೋರ್ಡು ಇಳಿಯಿತು, ಎರಡು ತಿಂಗಳಲ್ಲಿ ಬೇರೊಂದು ಹೆಸರಿನ ಬೋರ್ಡು ಬೇರೊಂದು ರಸ್ತೆಯಲ್ಲಿ ಏರಿತು.

ಹಣ ಕೈಗೆ ಬಂದ ದಿನ ಇಬ್ಬರೂ ಬಸ್ ನಿಲ್ದಾಣದ ಹತ್ತಿರ ಚಹ ಕುಡಿದರು. ಹನುಮೇಶ ಲೋಟ ಕೆಳಗಿಟ್ಟು ಕೇಳಿದ, "ಒಂದು ಖರೇ ಹೇಳ್ರಿ. ಅವತ್ತು ನನ್ನ ಫೋನ್ ನೋಡಿದ್ರಿ ಹೌದಿಲ್ಲೊ?"

"ಹೌದು."

ಅವನು ತಲೆಯಾಡಿಸಿದ. ತನ್ನ ಚಹದ ದುಡ್ಡಷ್ಟೇ ಕೊಟ್ಟು ಬೈಕ್ ಹತ್ತಿದ. ಆಮೇಲೆ ಅವರು ಮಾತಾಡಿಲ್ಲ.

ಅರೀಬಾ ಈಗ ಮಾನ್ವಿಯಲ್ಲೇ ಒಂದು ಅಕ್ಕಿ ಗಿರಣಿಯಲ್ಲಿ ಹಾಜರಿ, ನೇಮಕಾತಿ ನೋಡಿಕೊಳ್ಳುತ್ತಾಳೆ. ಹನ್ನೆರಡು ಸಾವಿರ ಸಂಬಳ, ಇನ್ಸೆಂಟಿವ್ ಇಲ್ಲ. ನೇಮಕ ಪತ್ರವನ್ನು ಗಿರಣಿಯ ಮಾಲೀಕರ ಮುಂದೆಯೇ ಎರಡು ಸಲ ಓದಿ ಸಹಿ ಹಾಕಿದಳಂತೆ, ಅವರು ನಕ್ಕರಂತೆ. ಜೊತೆಗೆ ಕೆಲಸ ಮಾಡುವವರು ಹೇಗಿದ್ದಾರೆಂದು ಇಮಾಮ್ ಬೀ ಕೇಳಿದರೆ, "ಚೆನ್ನಾಗಿದ್ದಾರೆ" ಎನ್ನುತ್ತಾಳೆ. ಹಿಂದೆಯೇ, "ಇನ್ನೂ ನಾಲ್ಕು ತಿಂಗಳಷ್ಟೇ ಆಗಿರೋದು" ಎಂದು ಸೇರಿಸುತ್ತಾಳೆ.