ಹಳ್ಳದ ನೀರು ಹಳ್ಳಕ್ಕೆ

ಫ್ರಿಜ್ಜಿನಲ್ಲಿ ಮಜ್ಜಿಗೆಯ ತಂಬಿಗೆಗೆ ಜಾಗವಿಲ್ಲವೆಂಬುದು ಬೆಳಗಾವಿಯ ಶಿವಬಸವ ನಗರದ ನಮ್ಮ ಮನೆಯ ಶಾಶ್ವತ ಕಲಹ. ಆ ಪೀಠದಲ್ಲಿ ಖಾನಾಪುರದ ಹಳ್ಳದ ನೀರು ಬಾಟಲಿಗಳಲ್ಲಿ ವಿರಾಜಮಾನವಾಗಿರುತ್ತಿತ್ತು. “ಈ ಪಾವ್ಣ್ಯಾರು ಯಾವಾಗ ಹೋಗತಾರ್ರಿ?” ಎಂದು ಮಡದಿ ಆ ಬಾಟಲಿ-ಅತಿಥಿಗಳನ್ನು ತೋರಿಸಿ ಕೇಳುತ್ತಿದ್ದಳು.

ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುತ್ತಿದ್ದ ನನಗಿದ್ದ ವ್ಯಸನ ಒಂದೇ. ಬೇಸಿಗೆಯಲ್ಲಿ ಕಾಡು ಉದುರಿಸಿದ ಎಲೆಯ ಸಾರವು ಹಳ್ಳಕ್ಕಿಳಿದು, ಮಲಪ್ರಭೆ ಸೇರಿ, ಸವದತ್ತಿಯ ಬದಿಯ ಮಹಾಜಲಾಶಯದ ಮೀನು-ಪಾಚಿಗಳಿಗೆ ಎಷ್ಟು ಉಣಬಡಿಸುತ್ತದೆಂದು ಅಳೆಯುವುದು. ಈ ಸಂತರ್ಪಣೆಯ ದೊಡ್ಡ ಪಂಕ್ತಿ ವರ್ಷಕ್ಕೊಮ್ಮೆ, ಮೊದಲ ಮಳೆಯ ರಾಡಿ ನೀರಿನಲ್ಲಿ. ಜಗತ್ತು ಹೊಸ ಸಹಸ್ರಮಾನಕ್ಕೆ ಸಡಗರಪಡುತ್ತಿದ್ದ ಆ ವರ್ಷ ನನ್ನ ಲೆಕ್ಕಕ್ಕೆ ಮೂರನೆಯದು, ಕಡೆಯದೂ ಹೌದು. ಆಗಸ್ಟಿನಲ್ಲಿ ನನ್ನೊಡನೆ ಪ್ರಯೋಗಶಾಲೆಯ ಕೀಲಿಕೈಯೂ ನಿವೃತ್ತ.

ಮಳೆ ಕಾಲೇಜಿನ ವೇಳಾಪಟ್ಟಿ ನೋಡಿ ಬರುವುದಿಲ್ಲವಾಗಿ, ಆ ಸಲ ಹಳ್ಳದ ದಂಡೆಯಲ್ಲೇ ಮನೆಯಿದ್ದ ಪದ್ಮಕ್ಕನೆಂಬ ಜೈನ ಅಜ್ಜಿಯ ಕೈಗೆ ಬಾಟಲಿಯೊಂದನ್ನು ಕೊಟ್ಟು, ಮೊದಲ ರಾಡಿ ನೀರನ್ನು ತುಂಬಿಡಿರೆಂದು ಬೇಡಿಕೊಂಡಿದ್ದೆ. ಮಳೆ ಬಿದ್ದ ಮರುದಿನ, ದೇಸೂರಿನಲ್ಲಿ ಧ್ಯಾನಕ್ಕೆ ಕುಳಿತ ರೈಲನ್ನು ಶಪಿಸುತ್ತ ಹೋಗಿ ನೋಡಿದರೆ ಬಾಟಲಿಯಲ್ಲಿ ತಿಳಿ ಚಹಾದಂಥ ನೀರು. ಕೆಸರಿಲ್ಲ, ಎಲೆಯ ಚೂರಿಲ್ಲ.

“ಎರಡು ಪದರ ಅರಿವಿಯೊಳಗ ಸೋಸೇನ್ರಿ ಸರ. ಕಲಿತ ಮಂದಿಗೆ ಹೊಲಸ ನೀರು ಕೊಡೂದೇನ್ರಿ?”

ನಾನು ಅಳೆಯಬೇಕಾದದ್ದರಲ್ಲಿ ಅರ್ಧ ಆ ಅರಿವೆಯಲ್ಲೇ ನಿಂತಿತ್ತು. ಕಟ್ಟೆಯ ಮೇಲೆ ಕುಳಿತು, ಅರಿವೆಯಲ್ಲಿ ಉಳಿದದ್ದೇನಾಯಿತೆಂದು ಆಸೆಯಿಂದ ಕೇಳಿದೆ.

“ಅರಿವಿ ಬೋರಲ ಹಾಕಿ, ಜಾಲಿಸಿ, ಹಳ್ಳಕ್ಕ ಬಿಟ್ಟೆ. ಜೀವ ಇರತಾವಲ್ರಿ ಅದರಾಗ! ಭಾವೀದು ಭಾವಿಗೆ, ಹಳ್ಳದ್ದು ಹಳ್ಳಕ್ಕ ಹೋಗಬೇಕು. ಯಾಕ್ರಿ, ನಿಮ್ಮ ಸಾಲ್ಯಾಗ ಕಲಸಂಗಿಲ್ಲೇನು?”

ಕಲಿಸಿರಲಿಲ್ಲ. ಕಾಡಿನಿಂದ ಹಳ್ಳಕ್ಕೆ, ಹಳ್ಳದಿಂದ ಜಲಾಶಯಕ್ಕೆ ಎಂದು ಕರಿಹಲಗೆಯ ಮೇಲೆ ಬಾಣ ಬರೆಯುತ್ತಿದ್ದ ನಾನು, ಅಳೆದು ಉಳಿದ ನೀರನ್ನು ಬೆಳಗಾವಿಯ ಗಟಾರಕ್ಕೆ ಸುರಿಯುತ್ತಿದ್ದ ಮಹಾಶಯ. ನನ್ನ ಮರ್ಯಾದೆಗಾಗಿ ನೀರು ಸೋಸಿದ ಆ ಅಜ್ಜಿ, ಕಣ್ಣಿಗೆ ಕಾಣದವುಗಳಿಗೂ ಅಷ್ಟೇ ಮರ್ಯಾದೆ ಮಾಡಿದ್ದರು. ಸಿಟ್ಟಾಗುವುದು ಹೇಗೆ, ನೀವೇ ಹೇಳಿ.

ಕರಗಿದ ಸಾರವನ್ನಷ್ಟೇ ಅಳೆದೆ. ಕರಗದ್ದರ ಸಾಲಿನಲ್ಲಿ ಅಂಕಿಯ ಬದಲು ‘ಹಳ್ಳಕ್ಕೆ ಮರಳಿತು’ ಎಂದು ಬರೆದೆ. ಮೂರು ವರ್ಷದ ಶ್ರಮದಲ್ಲಿ ಪ್ರಕಟಣೆಗೆ ಅನರ್ಹವಾದರೂ ಸಂಶಯಾತೀತವಾದ ವಾಕ್ಯ ಅದೊಂದೇ.

ನಿವೃತ್ತಿಯ ಮರುವಾರ ಫ್ರಿಜ್ಜಿನಲ್ಲಿ ಉಳಿದಿದ್ದ ಬಾಟಲಿಗಳನ್ನೆಲ್ಲ ಚೀಲಕ್ಕಿಳಿಸಿ ಖಾನಾಪುರದ ರೈಲು ಹತ್ತಿದೆ. “ಸಾವಕಾಶ ಬಿಡ್ರಿ. ಎತ್ತರದಿಂದ ಸುರೀಬ್ಯಾಡ್ರಿ, ಪೆಟ್ಟಾಗತೈತಿ ಅವಕ್ಕ,” ಎಂದು ಪದ್ಮಕ್ಕ ದಂಡೆಯಿಂದ ಆಜ್ಞಾಪಿಸಿದರು. ಬಗ್ಗಿದೆ, ಬಾಟಲಿಯ ಬಾಯಿ ನೀರಿಗೆ ತಾಗುವಷ್ಟು ಬಗ್ಗಿದೆ.

ಮನೆಗೆ ಬಂದರೆ ಫ್ರಿಜ್ಜಿನಲ್ಲಿ ಮಜ್ಜಿಗೆಯ ತಂಬಿಗೆಗೆ ಪಟ್ಟಾಭಿಷೇಕವಾಗಿತ್ತು. ಅದರ ಬಾಜು ಒಂದು ಬಾಟಲಿಯಷ್ಟು ಜಾಗ ಖಾಲಿ.

“ಇರಲಿ ಬಿಡ್ರಿ,” ಎಂದಳು ಮಡದಿ, “ಪಾವ್ಣ್ಯಾರು ಮತ್ತ ಬಂದಾರು.”