ಹೊಗೆಕೊಳವೆಯ ಹಿಂದಿನ ಕಂಬ

ಎರಡು ವರ್ಷಕ್ಕೆಂದು ನೈರೋಬಿಗೆ ಬಂದಿದ್ದೆವು. ಪಾರ್ಕ್‌ಲ್ಯಾಂಡ್ಸ್‌ನ ಫ್ಲ್ಯಾಟಿನಲ್ಲಿ ಊಟದ ಮೇಜು ಇದ್ದದ್ದು ಒಂದೇ, ಅದರ ಮೇಲೆ ನನ್ನ ಗಂಡ ರಟ್ಟಿನ ಯುದ್ಧನೌಕೆ ಕಟ್ಟುತ್ತಿದ್ದರು. ಆರು ತಿಂಗಳು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡೆವು. ಕಂಪನಿ ವಹಿಸಿದ ಬ್ಯಾಂಕಿನ ಕಂಪ್ಯೂಟರ್ ಕೆಲಸ ಮುಗಿಸಿ ಪೇಟೆ ನಡುವಿನ ಟ್ರಾಫಿಕ್ಕಿನಲ್ಲಿ ಬೆಂದು ಬರುವ ಮನುಷ್ಯ, ಏನಾದರೂ ಮಾಡಿಕೊಳ್ಳಲಿ ಎಂದು ಸುಮ್ಮನಿದ್ದೆ. ದೇವರ ಮುಂದಿನ ಊದುಬತ್ತಿ ಕಡ್ಡಿ ಕತ್ತರಿಸಿ ಫಿರಂಗಿ ಮಾಡಿದ ದಿನ ಮಾತ್ರ ಚೆನ್ನಾಗಿ ಬೈದೆ.

ಹಡಗಿನ ಹೆಸರು ಡ್ರೆಡ್‌ನಾಟ್. ಕಳೆದ ಶತಮಾನದ ಆರಂಭದಲ್ಲಿ ಇಂಗ್ಲಿಷರು ಕಟ್ಟಿದ್ದು. ಹತ್ತು ದೊಡ್ಡ ಫಿರಂಗಿ, ಉಗಿಯ ಟರ್ಬೈನು. ಅದು ನೀರಿಗಿಳಿದದ್ದೇ ತಡ, ಲೋಕದ ಯುದ್ಧನೌಕೆಗಳೆಲ್ಲ, ಕಟ್ಟಿದವರದ್ದೂ ಸೇರಿ, ಮುದಿಯಾದವಂತೆ. ಆದರೆ ಮಹಾಯುದ್ಧದ ದೊಡ್ಡ ಕಡಲ ಕಾಳಗದ ಹೊತ್ತಿಗೆ ಅದು ರಿಪೇರಿಯಲ್ಲಿತ್ತು. ಮುಳುಗಿಸಿದ್ದು ಒಂದೇ ಜಲಾಂತರ್ಗಾಮಿಯನ್ನು, ಅದೂ ಡಿಕ್ಕಿ ಹೊಡೆದು.

"ಅಯ್ಯೋ, ಅದಕ್ಕೆ ನಮ್ಮ ಮಟಾಟು ವ್ಯಾನ್ ಡ್ರೈವರ್ ಸಾಕಿತ್ತಲ್ರೀ!" ಎಂದೆ. ಎರಡು ದಿನ ಮುಖ ಊದಿಸಿಕೊಂಡಿದ್ದರು.

ಒಂದು ಭಾನುವಾರ ಕಂಬ ಅಂಟಿಸುತ್ತಿದ್ದರು. ಗುಂಡು ಎಲ್ಲಿ ಬಿತ್ತೆಂದು ನೋಡಿ ಹೇಳುವವನು ಅದರ ತುದಿಯಲ್ಲಿ ಕೂರಬೇಕು. ಕಂಬದ ಮುಂದೆಯೇ ಹೊಗೆಕೊಳವೆ.

"ಹೊಗೆಯೆಲ್ಲ ಅವನ ಮುಖಕ್ಕೇ ಬರಲ್ವಾ?"

"ಬರ್ತಿತ್ತು ಕಣೇ. ಎಷ್ಟೋ ಸಲ ಏನೂ ಕಾಣ್ತಿರ್ಲಿಲ್ಲ. ಹಡಗಿನ ದೋಣಿ ಎತ್ತಿ ಇಳಿಸೋಕೆ ಕಂಬ ಅಲ್ಲಿದ್ರೇ ಅನುಕೂಲ ಅಂತ ಇಟ್ರು."

"ಮೇಲೆ ಕೂರೋನನ್ನ ಯಾರೂ ಕೇಳ್ಲಿಲ್ವಾ?"

"ಅವನನ್ನೇನು ಕೇಳೋದು?" ಎಂದು ಅಂಟಿನ ಮೇಲೆ ಊದಿದರು. ಅದರ ಬೆನ್ನಿಗೇ, "ಹಾಂ, ಹೇಳೋದೇ ಮರೆತೆ. ಇನ್ನೆರಡು ವರ್ಷ ಇಲ್ಲೇ ಇರ್ತೀವಿ ಅಂತ ಕಂಪನಿಗೆ ಬರೆದುಕೊಟ್ಟೆ" ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ಮೈಸೂರಿನ ಕಾಲೇಜಿನಲ್ಲಿ ಹನ್ನೆರಡು ವರ್ಷ ಪಾಠ ಮಾಡಿದವಳು ನಾನು. ಸಂಬಳವಿಲ್ಲದ ರಜೆ ಹಾಕಿ ಬಂದಿದ್ದೆ. ಜೂನ್‌ನಲ್ಲಿ ಹಾಜರಾಗದಿದ್ದರೆ ಕೆಲಸ ಹೋಗುತ್ತಿತ್ತು. ಅವರಿಗದು ಗೊತ್ತಿತ್ತು. ಕೆಟ್ಟ ಮನುಷ್ಯನಲ್ಲ, ದೇವರಾಣೆ. ಕೇಳಬೇಕೆಂದು ಹೊಳೆದೇ ಇರಲಿಲ್ಲ, ಅಷ್ಟೆ. ನನಗೆ ಹೆಚ್ಚು ನೋವಾದದ್ದೇ ಅದು.

ಕೂಗಾಡಲಿಲ್ಲ. ಮರುದಿನ ಹೋಗಿ ಒಂದು ಟಿಕೆಟ್ ತೆಗೆಸಿ ಬಂದೆ. ಸಂಜೆ ಅನ್ನ ಬಡಿಸುತ್ತಾ, "ಮೇ ಕೊನೇಲಿ ನಾನು ಹೊರಡ್ತೀನಿ ರೀ, ಟಿಕೆಟ್ ಆಯ್ತು" ಎಂದೆ.

ತುತ್ತು ಕೈಯಲ್ಲೇ ನಿಂತಿತು. "ಏನೇ ಇದು? ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?"

ಹೇಳಿ ಮುಗಿಸುವಷ್ಟರಲ್ಲಿ ಅವರ ಮುಖ ಚಿಕ್ಕದಾಯಿತು. ನಾನು ಸಾರು ಬಡಿಸಿದೆ.