ಅಡಿಹಗ್ಗಕ್ಕೆ ಹತ್ತಿಯ ನೂಲು

ಆಗ್ನೆಸ್ ರೋಹಿದಾಸನನ್ನು ಮೊದಲು ಕಂಡದ್ದು ತೊಂಬತ್ತೊಂದರ ಅಕ್ಟೋಬರಿನಲ್ಲಿ, ಕುವೈತಿನ ಶುವೈಖ್ ಬಂದರಿನ ಒಂದು ಗೋದಾಮಿನೊಳಗೆ. ಅವಳು ರುಮೈಥಿಯಾದ ಮನೆಯೊಂದರಲ್ಲಿ ಅಡುಗೆಗಿದ್ದ ವಿಧವೆ. ಅಪ್ಪ ನೇತ್ರಾವತಿಯಲ್ಲಿ ಮೀನು ಹಿಡಿಯುತ್ತಿದ್ದವನು. ಅವಳಿಗೆ ಬಲೆ ಹೊಲಿಯಲು ಬರುತ್ತದೆಂದು ತಿಳಿದ ಕಫೀಲ್, ಅಂದರೆ ವೀಸಾ ಕೊಟ್ಟ ಯಜಮಾನ, ವಾರಕ್ಕೆರಡು ದಿನ ತನ್ನ ದೋಣಿಯ ಬಲೆಗಳ ಕೆಲಸಕ್ಕೆ ಕಳಿಸತೊಡಗಿದ್ದ. ಇಲಿ ಕಡಿದ ಬಲೆಗಳ ರಾಶಿಯ ಆಚೆಯಿಂದ ಅವನು ತಲೆ ಎತ್ತಿ ನೋಡಿದ.

“ಬಾಯಮ್ಮ, ನಿಮಗೆ ಹೊಲಿಗೆ ಬರ್ತದಾ, ಬರೀ ಜಪಸರ ತಿರುಗಿಸ್ಲಿಕ್ಕೆ ಬರ್ತದಾ?”

“ಎರಡೂ ಬರ್ತದೆ. ನಿನ್ನ ಬಾಯಿಂದಲೇ ಸುರು ಮಾಡ್ಲಾ ಹೊಲಿಗೆ?”

ದೋಣಿಯ ಎಂಜಿನು ನೋಡುವ ಪುತ್ತಬ್ಬ ಹೊಟ್ಟೆ ಹಿಡಿದುಕೊಂಡು ನಕ್ಕ.

ರೋಹಿದಾಸ ಮಲ್ಪೆಯ ಮೊಗವೀರ. ಹನ್ನೆರಡು ವರ್ಷ ಕುವೈತಿನ ನೀರಿನಲ್ಲಿ ದುಡಿದು, ಇರಾಕಿನ ಯುದ್ಧ ಬಂದಾಗ ಜೋರ್ಡಾನಿನ ದಾರಿಯಾಗಿ ಊರು ಸೇರಿ, ಮರುವರ್ಷದ ಮಳೆಗಾಲ ಮುಗಿಯುವ ಮೊದಲೇ ಮರಳಿ ಬಂದಿದ್ದ. ದಾರಕ್ಕೆ ಸೀಸದ ಗುಂಡು ಕಟ್ಟಿ ತಳಕ್ಕೆ ಇಳಿಸುವನು. ಸ್ವಲ್ಪ ಹೊತ್ತು ಬಿಟ್ಟು ಮೇಲೆಳೆದು, ಆ ಗುಂಡನ್ನು ಕೆನ್ನೆಗೆ ಒತ್ತಿಕೊಂಡು, ಅದರ ತಂಪಿನಿಂದಲೇ ಮೀನು ಎಷ್ಟು ಕೆಳಗಿದೆ ಎಂದು ಹೇಳುವನು. ಹೆಚ್ಚುಕಡಿಮೆ ತಪ್ಪುತ್ತಿರಲಿಲ್ಲ.

ಡಿಸೆಂಬರ್ ಬಂತು. ಬಡಗಣ ಗಾಳಿ ಎರಡು ದಿನ ಬೀಸಿದರೆ ಮೂರನೆಯ ದಿನ ಕಡಲಿಗೆ ಕೈ ಅದ್ದಲಾಗುತ್ತಿರಲಿಲ್ಲ, ಬೆರಳು ಮರಗಟ್ಟುತ್ತಿತ್ತು. ಬೇಸಿಗೆಯಲ್ಲಿ ಮೇಲೆ ಆಡುವ ಮೀನು ಆ ಚಳಿಗೆ ತಳದ ಕೆಸರಿಗೆ ಹೋಗಿ ಕೂರುತ್ತದೆ. ಬಲೆಯೂ ತಳ ಮುಟ್ಟಬೇಕು. ಆದರೆ ಯುದ್ಧ ಮುಗಿದು ಹತ್ತು ತಿಂಗಳಾದರೂ ಕಡಲಲ್ಲಿ ಹೂತಿಟ್ಟ ಬಾಂಬುಗಳನ್ನು ಪೂರ್ತಿ ತೆಗೆದಿರಲಿಲ್ಲ. ಅದಕ್ಕೇ ಆಗ್ನೆಸ್ ಬಲೆಯ ಕೆಳ ಅಂಚಿನ ಅಡಿಹಗ್ಗಕ್ಕೆ ಮಾರಿಗೊಂದೇ ಗುಂಡು ಕಟ್ಟಿದ್ದಳು. ಬಲೆ ನೀರಿನ ನಡುವೆ ತೂಗುತ್ತಿತ್ತು, ಕೆಳಗಿಳಿಯುತ್ತಿರಲಿಲ್ಲ. ಹದಿನೈದು ದಿನ ದೋಣಿ ಬರಿಗೈಯಲ್ಲಿ ಬಂತು. ಶುಕ್ರವಾರದೊಳಗೆ ಮೀನು ಸಿಗದಿದ್ದರೆ ಖಲಾಸ್, ದೋಣಿ ಕಟ್ಟಿ ಎಲ್ಲರನ್ನೂ ಊರಿಗೆ ಕಳಿಸುವೆನೆಂದ ಕಫೀಲ್.

ಬುಧವಾರ ರೋಹಿದಾಸ ಒಂದು ಚೀಲ ಗುಂಡು ತಂದು ಅವಳ ಕಾಲ ಬಳಿ ಸುರಿದ.

“ಅರ್ಧ ಮಾರಿಗೊಂದು ಹಾಕಿ.”

“ಅಡಿಯಲ್ಲಿ ಎಂತ ಉಂಟು ಅಂತ ಗೊತ್ತುಂಟಲ್ಲ ನಿನಗೆ?”

“ಮೀನುಂಟು.”

“ಮತ್ತೆ?”

“ಪುತ್ತಬ್ಬನ ಹಾಗೆ ಮಾತಾಡ್ಬೇಡಿ ಬಾಯಮ್ಮ. ಅವನಿಗೆ ಬಕೆಟಿನ ನೀರು ಕಂಡ್ರೂ ಕಾಲು ನಡುಗ್ತದೆ.”

ಬೇಡ ಎನ್ನುವುದು ಅವಳ ಕೈಯಲ್ಲೇ ಇತ್ತು. ಬೇಡವೆಂದರೆ ರೋಹಿದಾಸ, ಪುತ್ತಬ್ಬ, ಬಲೆ ಎಳೆಯುವ ಇನ್ನೊಬ್ಬ, ಹೀಗೆ ದೋಣಿಯ ಮೂವರ ಕೆಲಸ ಹೋಗುತ್ತಿತ್ತು. ಹೂಂ ಎಂದರೆ ಏನು ಹೋಗುವುದೋ ಹೇಳಬರುವಂತಿರಲಿಲ್ಲ. ತುಂಬ ಹೊತ್ತು ಹಗ್ಗವನ್ನು ಬೆರಳಲ್ಲಿ ಹೊಸೆಯುತ್ತ ಕೂತಳು. ಕೊನೆಗೆ ನೈಲಾನು ದಾರದ ಉಂಡೆಯನ್ನು ಬದಿಗಿಟ್ಟು, ಮನೆಯಲ್ಲಿ ದಿಂಬು ಹೊಲಿಯುವ ಹತ್ತಿಯ ನೂಲು ತಂದಳು. ಗುಂಡುಗಳನ್ನು ಅಡಿಹಗ್ಗಕ್ಕೆ ಬಿಗಿದು, ಆ ಹಗ್ಗವನ್ನು ಬಲೆಗೆ ಹತ್ತಿಯ ನೂಲಿನಿಂದ ಗೇಣಿಗೊಂದು ಗಂಟು ಹಾಕಿ ಸೇರಿಸಿದಳು.

“ತಳದಲ್ಲಿ ಏನಾದರೂ ಹಗ್ಗ ಹಿಡಿದರೆ ನೂಲು ತುಂಡಾಗ್ತದೆ, ಬಲೆ ಬರ್ತದೆ. ಹಗ್ಗವನ್ನು ನೀನು ಎಳಿಬಾರದು. ಅಲ್ಲೇ ಬಿಡು. ತಿಳೀತಾ?”

“ತಿಳೀತು.”

“ನನ್ನ ಮುಖ ನೋಡಿ ಹೇಳು.”

ಅವನು ನೋಡಿಯೇ ಹೇಳಿದ.

ಗುರುವಾರ ಬೆಳಿಗ್ಗೆ ಮಂಜು. ಗಾಳಿಯಿಲ್ಲ, ನೀರಿನಲ್ಲಿ ಅಲೆಯಿಲ್ಲ. ದೋಣಿ ನೂರು ಮಾರು ಹೋಗುವಷ್ಟರಲ್ಲಿ ಮರೆಯಾಯಿತು. ಎಂಜಿನಿನ ಸದ್ದು ಮಾತ್ರ ಇತ್ತು, ಆಮೇಲೆ ಅದೂ ನಿಂತಿತು. ಹನ್ನೊಂದಕ್ಕೆ ಬರಬೇಕಾದವರು ಹನ್ನೆರಡಾದರೂ ಬರಲಿಲ್ಲ. ಆಗ್ನೆಸ್ ಸೂಜಿಗೆ ನೂಲು ಪೋಣಿಸುವುದು, ತೆಗೆಯುವುದು, ಮತ್ತೆ ಪೋಣಿಸುವುದು. ಒಂದು ಗಂಟೆಗೆ ಎಂಜಿನಿನ ಸದ್ದು ಕೇಳಿತು. ದೋಣಿಯ ಹಲಗೆಯ ಮೇಲೆ ಎಷ್ಟು ಜನ ನಿಂತಿದ್ದಾರೆಂದು ಎಣಿಸಿದಳು. ಇಬ್ಬರೇ. ನೀರಂಚಿಗೆ ಓಡಿದಳು.

ಮೂರನೆಯವನು ರೋಹಿದಾಸ. ದೋಣಿಯ ತಳದಲ್ಲಿ, ಮೀನಿನ ಬುಟ್ಟಿಗಳ ನಡುವೆ ಮೊಣಕಾಲು ಅಪ್ಪಿಕೊಂಡು ಕೂತಿದ್ದ. ಆರು ಬುಟ್ಟಿ ತುಂಬ ಮೀನು. ಬಲೆ ಇತ್ತು, ಅದರ ಅಡಿಹಗ್ಗ ಇರಲಿಲ್ಲ.

“ಏನೋ ಹಿಡೀತು ಬಾಯಮ್ಮ,” ಎಂದ ಪುತ್ತಬ್ಬ. “ಬಂಡೆಯೋ, ಹಳೆ ಲಂಗರೋ, ಅದೇನೋ ಹುಟ್ಟಿಸಿದವನಿಗೆ ಗೊತ್ತು. ನೂಲು ಪಟಪಟ ಹರೀತು. ಹಗ್ಗದ ತುದಿ ಇವನ ಕೈಯಲ್ಲೇ ಉಳೀತು. ಬಿಡು ಅಂತ ಕೂಗಿದೆ. ಬಿಡುವುದೂ ಇಲ್ಲ, ಎಳೆಯುವುದೂ ಇಲ್ಲ. ಒಂದು ಗಂಟೆ ಹಾಗೇ ನಿಂತಿದ್ದ. ಕಡೆಗೆ ನಾನೇ ಬೆರಳು ಬಿಡಿಸಿ ಹಗ್ಗವನ್ನು ನೀರಿಗೆ ಬಿಟ್ಟೆ.”

ಆಗ್ನೆಸ್ ಉಗುರುಬೆಚ್ಚಗಿನ ನೀರು ತಂದು ಅವನ ಕೈ ಅದ್ದಿಸಿದಳು. ಬೆರಳುಗಳು ಮಡಚಿದಂತೆಯೇ ಇದ್ದವು. ಗೋದಾಮಿನ ಬಾಗಿಲಲ್ಲಿ ಕಫೀಲನ ಕಾರು ನಿಂತಿತು. ಬುಟ್ಟಿಗಳನ್ನು ಕಂಡವನು ಅಲ್ಲಿಂದಲೇ ಕೈ ಬೀಸಿ, ನಾಳೆಯೂ ಅಲ್ಲಿಗೇ ಹೊರಡಿ, ಯಲ್ಲಾ, ಎಂದು ಕೂಗಿದ.

ಮುಂದಿನ ವಾರ ರೋಹಿದಾಸ ಸಬ್ಹಾನಿನ ಒಂದು ಐಸ್ ಕಾರ್ಖಾನೆಗೆ ಸೇರಿದನೆಂದು ಪುತ್ತಬ್ಬ ಹೇಳಿದ. ಆಗ್ನೆಸ್ ಅವನನ್ನು ಮತ್ತೆ ಕಾಣಲಿಲ್ಲ. ಆ ಮಧ್ಯಾಹ್ನ ಅವನು ನೀರಿನಿಂದ ಕೈ ತೆಗೆಯದೆ, ಬಾಗಿಲ ಕಡೆ ನೋಡದೆ, ತಗ್ಗಿದ ದನಿಯಲ್ಲಿ ಕೇಳಿದ್ದು ಇಷ್ಟೇ:

“ಇನ್ನು ಗುಂಡು ಕಟ್ಟುವುದಿಲ್ಲ ಅಂತ ಕಫೀಲನಿಗೆ ನೀವೇ ಹೇಳ್ತೀರಾ ಬಾಯಮ್ಮ?”